ರಕ್ಕಸಿಯ ಊಟ

ಅಪ್ಪ ಅಮ್ಮ ಇಲ್ಲದ ಹೊನ್ನಿ ಅತ್ತೆಯ ಮನೆಯ ಕೊಟ್ಟಿಗೆಯಲ್ಲಿ ತಂಗಳು ತಿಂದು ಬೆಳೆದವಳು. ಒಂದು ದಿನ ಗುಡ್ಡದ ರಕ್ಕಸಿ ಊರಿನ ಒಂದು ಮಗುವನ್ನು ಕೇಳಿ ಕಳಿಸಿದಳು. ಚೀಟಿ ಎತ್ತಿದಾಗ ಬಂದದ್ದು ಅತ್ತೆಯ ಮಗನ ಹೆಸರು.

ಅವತ್ತು ಅತ್ತೆ ಹೊನ್ನಿಯನ್ನು ನಡುಮನೆಯಲ್ಲಿ ಕೂರಿಸಿ ಹೋಳಿಗೆ ಬಡಿಸಿದಳು. "ನಾಚ್ಕೋಬೇಡ ಕಣೇ, ತಿನ್ನು" ಎಂದು ತುಪ್ಪವನ್ನೂ ಸುರಿದಳು. ಮಗನ ಬದಲು ತನ್ನನ್ನು ಕಳಿಸುತ್ತಾರೆಂದು ಹುಡುಗಿಗೆ ಅರ್ಥವಾಯಿತು. ಆದರೂ ಹೊಟ್ಟೆ ತುಂಬ ತಿಂದು, ಒಬ್ಬಳೇ ಗುಡ್ಡ ಹತ್ತಿದಳು.

ಗವಿಯ ಬಾಯಲ್ಲಿ ಕೂತಿದ್ದ ರಕ್ಕಸಿ, "ಭಯ ಆಗಲ್ವೇನೇ?" ಎಂದಳು.

"ನಮ್ಮತ್ತೆ ಮನೇಲಿ ಇದ್ದು ಬಂದೋಳಿಗೆ ಎಂಥ ಭಯ? ಬೇಗ ತಿಂದುಬಿಡು."

ರಕ್ಕಸಿಯ ಕಣ್ಣು ಒದ್ದೆಯಾಯಿತು. "ನಮ್ಮ ದೊಡ್ಡಮ್ಮನೂ ನನ್ನ ಇಲ್ಲಿಗೆ ಹೀಗೇ ಕಳಿಸಿದ್ಲು. ಆಗ ಇಲ್ಲಿದ್ದ ಮುದಿ ರಕ್ಕಸಿ ನನ್ನನ್ನ ಮಗಳ ಥರ ಸಾಕಿದ್ಲು. ನಾನೂ ಮಕ್ಕಳನ್ನ ತಿನ್ನಲ್ಲ ಮಗಾ."

"ಮತ್ತೆ ಏನು ತಿಂತೀಯ?"

"ಕಳಿಸಿದೋರನ್ನ."

ಹೊನ್ನಿ ಸ್ವಲ್ಪ ಹೊತ್ತು ಕೆಳಗಿನ ಊರನ್ನೇ ನೋಡುತ್ತ ನಿಂತಳು. ಆಮೇಲೆ ರಕ್ಕಸಿಯ ಬೆರಳು ಹಿಡಿದು ಗುಡ್ಡವಿಳಿದಳು. ಮನೆಯ ಬಾಗಿಲು ತಟ್ಟಿ, "ಅತ್ತೇ, ಬಾಗ್ಲು ತೆಗಿ. ನೆಂಟರು ಬಂದಿದ್ದಾರೆ" ಎಂದಳು.