ಸೊಂಟದವರೆಗಿನ ದೊರೆ

ಗದಗಿನ ವಾಚನಾಲಯದಲ್ಲಿ ಕಾದಂಬರಿಯ ಪಾತ್ರಗಳು ಓದುಗರು ಮೆಚ್ಚಿದಷ್ಟೇ ಪುಸ್ತಕದಿಂದ ಹೊರಗೆ ಬರುತ್ತಿದ್ದವು. ಕರಾಳ ಮಾಯಾಲೋಕದ ಹೊಸ ಸರಣಿಯ ಮೊದಲ ಕಾದಂಬರಿಯನ್ನು ಐವತ್ತು ಜನ ‘ಹೆದರಿ ನಿದ್ದೆ ಬರಲಿಲ್ಲ’ ಎಂದು ಹೊಗಳಿದ್ದರು, ಐವತ್ತು ಜನ ‘ಓದುತ್ತಲೇ ನಿದ್ದೆ ಬಂತು’ ಎಂದು ಬೈದಿದ್ದರು. ಹಾಗಾಗಿ ಅದರ ಕತ್ತಲೆಯ ದೊರೆ ಕರಾಳಾಕ್ಷ ಮೂರು ವಾರದಿಂದ ಸೊಂಟದವರೆಗೆ ಮಾತ್ರ ಹೊರಬಂದು ಮೇಜಿನ ಮೇಲಿದ್ದ.

ಅಭಿಪ್ರಾಯ ಬರೆಯದೆ ಉಳಿದವಳು ಗ್ರಂಥಪಾಲಕಿ ನೀಲಾಂಬಿಕೆ ಒಬ್ಬಳೇ. ಇವತ್ತು ಕಡೆಯ ದಿನ. ಕಡೆಯ ದಿನ ಯಾವ ಕಡೆ ಒಂದು ಅಭಿಪ್ರಾಯ ಹೆಚ್ಚೋ ಅದೇ ತೀರ್ಪು: ಅವಳು ಮೆಚ್ಚಿದರೆ ಅವನು ಪೂರ್ತಿ ಹೊರಗೆ, ಮೆಚ್ಚದಿದ್ದರೆ ಮರಳಿ ಪುಸ್ತಕದೊಳಗೆ.

“ಅಕ್ಕಾರ, ಚಲೋ ಐತಿ ಅಂತ ಬರದ್‌ಬಿಡ್ರಿ. ಒಳಗ ಬರೇ ಮಂಜು ಐತ್ರಿ,” ಎಂದ ಕರಾಳಾಕ್ಷ.

“ಗೊತ್ತೈತಿ. ನಲವತ್ತು ಪುಟ ಮಂಜು ಓದಿ ಸಾಕಾಗೇತಿ.”

“ನಿಮಗ ನಲವತ್ತು ಪುಟ. ನನ್ನ ಜನ್ಮಾನ ಅದ್ರಾಗ ಹೋತ್ರಿ.”

ನೀಲಾಂಬಿಕೆ ಪುಸ್ತಕದ ವಿಷಯದಲ್ಲಿ ಎಂದೂ ಸುಳ್ಳು ಹೇಳಿದವಳಲ್ಲ. ಆದರೂ ಚೀಟಿಯಲ್ಲಿ ‘ಬಹಳ ಚೆನ್ನಾಗಿದೆ’ ಎಂದು ಬರೆದಳು.

ಕರಾಳಾಕ್ಷ ದೊಪ್ಪನೆ ನೆಲಕ್ಕೆ ಬಿದ್ದ. ಕಪ್ಪು ನಿಲುವಂಗಿ ಪೂರ್ತಿ ಹೊರಬಂದಿತ್ತು, ಆದರೆ ಅದರೊಳಗೆ ಕಾಲೇ ಇರಲಿಲ್ಲ. ಲೇಖಕರು ನಿಲುವಂಗಿಯನ್ನಷ್ಟೇ ವರ್ಣಿಸಿ ಮುಂದೆ ಹೋಗಿದ್ದರು.

“ಬರದಾಂವನ ಮನಿ ಎಲ್ಲೈತ್ರಿ?” ಎಂದ ದೊರೆ. ಅವನ ದನಿ ಮೊದಲ ಬಾರಿಗೆ ನಿಜವಾಗಿ ಭಯಂಕರವಾಗಿತ್ತು.

ನೀಲಾಂಬಿಕೆ ಅವನನ್ನು ಎತ್ತಿ, ಪುಸ್ತಕ ಸಾಗಿಸುವ ತಳ್ಳುಗಾಡಿಯಲ್ಲಿ ಕೂರಿಸಿದಳು.

“ಸ್ಟೇಷನ್ ರೋಡಿನಾಗ ಐತಿ. ಗಟ್ಟಿ ಹಿಡ್ಕೊಳ್ರಿ.”