ಕೆಂದಿಯ ಗುಂಡಿ

"ಪೂರ್ತಿ ಬರಿದು ಮಾಡ್ಬೇಕು ಕಣಕ್ಕ. ಒಳಗಿರೋದನ್ನೆಲ್ಲ ಎತ್ತಾಕಿ ಹೊಸದಾಗಿ ಸಗಣಿ ತುಂಬ್ಬೇಕು," ಎಂದ ಆದಿನಾರಾಯಣ, ಗೋಬರ್ ಗ್ಯಾಸ್ ಗುಂಡಿಗೆ ಇಳಿಬಿಟ್ಟಿದ್ದ ಕೋಲನ್ನು ಮೇಲೆತ್ತಿ ಮೂಸುತ್ತ. ರೊಳ್ಳದ ಸುತ್ತಿನ ಹಳ್ಳಿಗಳಲ್ಲಿ ಇಂಥ ಗುಂಡಿ ಕಟ್ಟುವವನೂ ಅವನೇ, ಕೆಟ್ಟರೆ ನೋಡುವವನೂ ಅವನೇ.

"ಬ್ಯಾಡ," ಎಂದಳು ಲಕ್ಷ್ಮಿದೇವಿ.

ಸೊಸೆ ವನಿತಾ ತಿರುಗಿ ನೋಡಿದಳು. ಸೌದೆ ಒಲೆಯ ಹೊಗೆಗೆ ಅವಳ ಕಣ್ಣು ಕೆಂಡವಾಗಿದ್ದವು. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಸಮಯ. ಆರು ಆಳಿಗೆ ಅಡುಗೆಯಾಗಬೇಕು. ಗ್ಯಾಸ್ ನೋಡಿದರೆ ಕಾಫಿ ಕಾಯುವಷ್ಟೂ ಬರುತ್ತಿರಲಿಲ್ಲ. "ಯಾಕತ್ತೆ?"

"ಅದ್ರೊಳಗಿರೋದು ಕೆಂದಿದು."

ಕೆಂದಿ ಹಸು ಸತ್ತು ಎರಡು ತಿಂಗಳಾಗಿತ್ತು. ಹತ್ತು ವರ್ಷ ಅದರ ಸಗಣಿಯನ್ನೇ ಉಂಡ ಗುಂಡಿಗೆ ಈಗ ಹುಳುವಿನ ಹಿಕ್ಕೆ, ತಿಂದುಳಿದ ಹಿಪ್ಪುನೇರಳೆ ಸೊಪ್ಪು, ತಂಗಳನ್ನ ಇಷ್ಟೇ ಬೀಳುತ್ತಿದ್ದವು. ಮಧ್ಯಾಹ್ನ ಹೊಂಗೆ ನೆರಳಲ್ಲಿ ಲಕ್ಷ್ಮಿದೇವಿ ಗುಂಡಿಯ ಕಟ್ಟೆಗೊರಗಿ ಕೂತರೆ ಒಳಗೆ ಎಲ್ಲೋ ಬುಳುಕ್ ಎನ್ನುತ್ತಿತ್ತು. ಜೊಂಪು ಹತ್ತುತ್ತಿದ್ದಂತೆ ಆ ಸದ್ದು ಮೆಲುಕಿನ ಸದ್ದಾಗುತ್ತಿತ್ತು. ಅಂಗೈಗೆ ಬಿಸಿಯುಸಿರು ತಾಗುತ್ತಿತ್ತು. ಎಚ್ಚರಾದರೂ ಅವಳು ಕೈ ಸರಿಸುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಈಚೆಗೆ ಆ ಸದ್ದೂ ಅಪರೂಪವಾಗಿತ್ತು.

ಆದಿನಾರಾಯಣ ನಗಲಿಲ್ಲ. "ನೀ ಹೇಳೋದು ಸುಳ್ಳಲ್ಲ ಬಿಡಕ್ಕ. ಗ್ಯಾಸ್ ಮಾಡೋದು ಹಸಿನ ಹೊಟ್ಟೆಯಿಂದ ಬಂದ ಜೀವಗಳೇ, ಕಣ್ಣಿಗೆ ಕಾಣಲ್ಲ ಅಷ್ಟೆ. ಸೊಪ್ಪು, ಅನ್ನ ಜಾಸ್ತಿಯಾಗಿ ಒಳಗೆ ಹುಳಿಯಾಗೈತೆ. ಅವು ಸೊರಗಿ ಹೋಗ್ಯವೆ."

"ಸತ್ತಿಲ್ವಲ್ಲ?"

"ಎಲ್ಲಾ ಸತ್ತಿರಲ್ಲ." ಅವನು ಕೋಲನ್ನು ಕಟ್ಟೆಗೊರಗಿಸಿದ. "ಒಂದು ಕೆಲ್ಸ ಮಾಡಿ ನೋಡ್ಬೋದು. ಕಡ್ಲೆಕಾಯಿ ಸಿಪ್ಪೇನ ಗಾಳಿಯಾಡದಂಗೆ ಸುಟ್ಟು ಇದ್ದಿಲು ಮಾಡಿ, ನುಣ್ಣಗೆ ಕುಟ್ಟಿ, ನೀರಲ್ಲಿ ಕಲಸಿ ದಿನಾ ಒಂದಿಷ್ಟು ಹಾಕಿ. ಇದ್ದಿಲ ಸಣ್ಣ ಸಣ್ಣ ತೂತೊಳಗೆ ಅವು ಮನೆ ಮಾಡ್ಕಂತವೆ. ಅಲ್ಲೀವರೆಗೂ ಸೊಪ್ಪು, ಅನ್ನ ಬಂದ್. ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ."

"ಎಂಟು ದಿನ ನೋಡ್ತೀನಿ ಅತ್ತೆ," ಎಂದಳು ವನಿತಾ. "ಆಮೇಲೆ ನೀವು ಬ್ಯಾಡ ಅನ್ನಂಗಿಲ್ಲ."

ಲಕ್ಷ್ಮಿದೇವಿ ಸಿಪ್ಪೆ ಸುಟ್ಟಳು, ಒರಳಲ್ಲಿ ಕುಟ್ಟಿದಳು, ಸೀರೆಯ ಸೆರಗಲ್ಲೇ ಸೋಸಿದಳು. ಕೈ, ಮೂಗು, ರೆಪ್ಪೆ ಎಲ್ಲ ಕಪ್ಪು. ಬಕೆಟ್ಟಿನಲ್ಲಿ ಕಲಸಿ, ಗಂಜಿ ಕುಡಿಸುವವಳ ಹಾಗೆ ನಿಧಾನಕ್ಕೆ ಸುರಿದು, ಕಟ್ಟೆಗೆ ಕಿವಿಯಿಟ್ಟು ಕೂರುತ್ತಿದ್ದಳು. ಐದು ದಿನ ಏನೂ ಇಲ್ಲ. ಆರನೆಯ ದಿನವೂ ಇಲ್ಲ. ಏಳನೆಯ ದಿನ ವನಿತಾ ಗುಂಡಿ ಬರಿದು ಮಾಡಲು ಆಳುಗಳಿಗೆ ಹೇಳಿಕಳಿಸಿದಳು.

ಎಂಟನೆಯ ದಿನ ಬೆಳಿಗ್ಗೆ ಮಂಜು ಇನ್ನೂ ಹಿಪ್ಪುನೇರಳೆ ಸಾಲುಗಳ ಮೇಲೆ ಮಲಗಿತ್ತು. ವನಿತಾ ಸುಮ್ಮನೆ ನೋಡೋಣವೆಂದು ಗ್ಯಾಸ್ ಒಲೆಯ ತಿರುಪು ತಿರುಗಿಸಿ ಕಡ್ಡಿ ಗೀರಿದಳು. ನೀಲಿ ಉರಿ ಒಮ್ಮೆ ತೂಗಾಡಿ, ಆರುವಂತಾಗಿ, ಸುತ್ತಲೂ ಹೂವಿನಂತೆ ಅರಳಿ ನಿಂತುಬಿಟ್ಟಿತು. ಅವಳು ಹೊರಗೆ ಹೋಗಿ ಅತ್ತೆಯ ಇದ್ದಿಲುಗಪ್ಪು ಕೈಯನ್ನು ಹಿಡಿದು ಒಳಗೆ ಕರೆತಂದು, ಉರಿಯ ಮುಂದೆ ಕೂರಿಸಿ, ಕಾಫಿಗಿಟ್ಟಳು. ಆಳುಗಳು ಬಂದಾಗ ಅವರಿಗೂ ಕಾಫಿ ಸಿಕ್ಕಿತು.

ಯುಗಾದಿ ಕಳೆದ ಮೇಲೆ ಹಿಂದಿನ ಬೀದಿಯ ಜುಂಜಣ್ಣ ಎರಡು ಕ್ಯಾನು ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಬಂದ. "ಹೊಸ ಗುಂಡಿ ಕಟ್ಟಿಸಿದೀನಿ ಕಣಕ್ಕ. ಹೆಪ್ಪಿಗೆ ನಿಮ್ಮ ಗುಂಡಿ ಬಗ್ಗಡಾನೇ ಆಗ್ಬೇಕು ಅಂದ ಆದಿನಾರಾಯಣ."

ಲಕ್ಷ್ಮಿದೇವಿ ಬೇರೆ ಯಾರಿಗೂ ಮುಟ್ಟಗೊಡದೆ ತಾನೇ ಮೊಗೆದು ತುಂಬಿದಳು. ಕ್ಯಾನುಗಳಿಗೆ ಅರಿಶಿನ ಕುಂಕುಮ ಹಚ್ಚಿದಳು. ಅವನು ತಳ್ಳಿಕೊಂಡು ಹೊರಟ ಮೊಪೆಡ್ಡಿನ ಪಕ್ಕದಲ್ಲೇ ಬೀದಿ ತಿರುವಿನವರೆಗೂ ನಡೆದುಬಂದು, ಅವನು ಗಾಡಿ ಸ್ಟಾರ್ಟ್ ಮಾಡುವಾಗ ಕ್ಯಾನಿನ ಮೇಲೆ ಕೈಯಿಟ್ಟು ಹೇಳಿದಳು:

"ಬಿಸಿಲಿಗೆ ಜಾಸ್ತಿ ನೀರು ಕುಡೀತಾಳೆ. ಮರೀಬ್ಯಾಡ ಕಣಪ್ಪ."