ಕಣ್ಣೀರಿನ ತೀರ್ಪು

ದೋಣಿ ನಡೆಸುವ ಸಣ್ಣಯ್ಯ ಒಬ್ಬ ಬಳೆ ವ್ಯಾಪಾರಿಯನ್ನು ಹೊಳೆಗೆ ನೂಕಿ ಕೊಂದನೆಂಬುದು ಮೊಕದ್ದಮೆ. ಹೆಣ ಸಿಕ್ಕಿರಲಿಲ್ಲ. ಗಲ್ಲುಶಿಕ್ಷೆಯ ತೀರ್ಪಿನ ಕರಡನ್ನು ಓದಿದ ಶಿರಸ್ತೇದಾರರು ಹಣೆ ಒರೆಸಿಕೊಂಡರು.

"ಸ್ವಾಮಿ, ಹನ್ನೆರಡು ಪುಟದಲ್ಲಿ ಒಂಬತ್ತು ಪುಟ ವ್ಯಾಪಾರಿ ಹೆಂಡ್ತಿ ಅಳುವೇ ಇದೆ. ಸಾಕ್ಷಿ ಎಲ್ಲಿ?"

"ಅವಳು ಕಟಕಟೆ ಹಿಡ್ಕೊಂಡು ಕುಸಿದಾಗ ನೀವೂ ಅತ್ರಲ್ಲ, ರಾಯರೇ?" ಎಂದರು ನ್ಯಾಯಾಧೀಶರು.

"ಅತ್ತೆ ಸ್ವಾಮಿ. ನಾನತ್ತರೆ ಯಾರಿಗೂ ನೇಣು ಬೀಳಲ್ಲ."

"ಇದನ್ನ ಕೇಳಿ. 'ಕುಂಕುಮ ಅಳಿಸಿದ ಈ ಹಣೆಗಿಂತ ದೊಡ್ಡ ಸಾಕ್ಷಿ ಭೂಮಿಯ ಮೇಲೆ ಯಾವುದಿದೆ?' ಹೇಗಿದೆ?"

"ಮೈ ಜುಮ್ ಅನ್ನುತ್ತೆ," ಎಂದರು ಶಿರಸ್ತೇದಾರರು. ನಿಜವಾಗಿಯೂ ಅಂದಿತ್ತು.

ಸಣ್ಣಯ್ಯನನ್ನು ಗಲ್ಲಿಗೇರಿಸಿದರು. ತೀರ್ಪು ಊರೂರಲ್ಲಿ ಹೆಸರಾಯಿತು. ಎಳೆಯ ವಕೀಲರು ಆ ಸಾಲನ್ನು ಬಾಯಿಪಾಠ ಮಾಡಿದರು. ತೀರ್ಪಿನ ನಕಲು ಬೇಕೆಂದು ದಿನವೂ ಜನ ಬರತೊಡಗಿದಾಗ ಶಿರಸ್ತೇದಾರರು ಬೇಸತ್ತು, ಮೊಕದ್ದಮೆಗೆ ಸಂಬಂಧಪಟ್ಟವರಿಗೆ ಮಾತ್ರ ನಕಲು ಎಂದು ಬಾಗಿಲಿಗೆ ಚೀಟಿ ಅಂಟಿಸಿದರು.

ಮರುದಿನ ಮಾಸಿದ ಪಂಚೆಯವನೊಬ್ಬ ಅರ್ಜಿ ಹಿಡಿದು ಬಂದ.

"ನೀವೂ ವಕೀಲರೇನ್ರೀ?"

"ಅಲ್ಲ ಸ್ವಾಮಿ. ಎರಡು ವರ್ಷ ಪರಸ್ಥಳದಲ್ಲಿದ್ದೆ, ಮೊನ್ನೆ ಬಂದೆ. ಸಂತೇಲಿ ಯಾರೋ ಓದ್ತಿದ್ರು. ನಿಂತು ಕೇಳ್ದೆ, ಅಳು ಬಂತು."

"ಎಲ್ಲರಿಗೂ ಬರುತ್ತೆ. ಬಾಗಿಲಲ್ಲಿರೋ ಚೀಟಿ ನೋಡಿದ್ರಾ? ಸಂಬಂಧ ಇಲ್ದೋರಿಗೆ ಕೊಡಲ್ಲ. ನೀವು ಸಣ್ಣಯ್ಯನ ಕಡೆಯೋರಾ, ಸತ್ತೋನ ಕಡೆಯೋರಾ?"

"ಸತ್ತೋನು ನಾನೇ, ಸ್ವಾಮಿ."